ಕಲ್ಲಿನ ಸೀಮೆಯಲ್ಲಿ ಬಡಿಗೇರರನ್ನು ಹುಡುಕುತ್ತಾ

ನಮ್ಮ ಸೇಡಂ ಕಡೆ ಮನೆ ಕಟ್ಟಿಸೋರು ಮೊದಲು ಮಾತಾಡಿಸೋದು ಗೌಂಡಿಯನ್ನ. ಬಡಿಗೇರರ ನೆನಪಾಗೋದು ಗೋಡೆ ಎದೆಮಟ್ಟ ಬಂದ ಮೇಲೆ. ಇದು ಕಲ್ಲು-ಸಿಮೆಂಟಿನ ಸೀಮೆ ನೋಡಿ. ನೆಲಕ್ಕೆ ಶಹಾಬಾದಿನ ಪರಸಿ, ಹಳೇ ಮನೆಗಳಲ್ಲಿ ಪಾತ್ರೆ ಇಡೋ ಹಲಗೆಯೂ ಪರಸಿಯೇ. ವಾಡಿ, ಮಳಖೇಡ, ಸೇಡಂ ಮೂರೂ ಕಡೆ ಸಿಮೆಂಟ್ ಕಾರ್ಖಾನೆ. ಆದರೆ ಬಾಗಿಲಿಗೆ ಮಾತ್ರ ಕಟಗಿಯೇ ಬೇಕು, ಅದೂ 42 ಡಿಗ್ರಿ ದಾಟುವ ಬೇಸಿಗೆಗೆ ಬಿರಿಯದಂಥದ್ದು.

ಅವ್ವನ ಮನೆ ಸೇಡಂನಲ್ಲಿ ಏಳುತ್ತಿದೆ, ನನ್ನ ಕೆಲಸ ಬೆಂಗಳೂರಲ್ಲಿ. ಹೊಲದ ಬದುವಿನಲ್ಲಿ ಅಪ್ಪ ಬೆಳೆಸಿದ್ದ ಬೇವಿನ ಮರ ಹೋದ ಮಳೆಗಾಲದ ಗಾಳಿಗೆ ಉರುಳಿತು. ಮುಂಬಾಗಿಲಿನ ಚೌಕಟ್ಟು ಅದರದ್ದೇ ಆಗಬೇಕು ಅಂತ ಅವ್ವನ ಹಟ. ದೀಪಾವಳಿ ಮುಗಿದ ಮೇಲೆ ನಾಲ್ಕು ದಿನ ರಜೆ ಹಾಕಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆ. ವಾಡಿಯಲ್ಲಿ ಇಳಿದು, ಗೆಳೆಯನ ಬೈಕ್ ಇಸ್ಕೊಂಡು ಐದೂ ಊರು ತಿರುಗಿದೆ.

ವಾಡಿಯಲ್ಲಿ ಬಡಿಗೇರರು ಸಿಗೋದು ಸುಲಭ. 1874ರಲ್ಲಿ ನಿಜಾಮರ ರೈಲು ಇಲ್ಲಿಂದಲೇ ಸಿಕಂದರಾಬಾದಿಗೆ ಹೊರಟಿತು. ಚಿತ್ತಾಪುರ, ಸೇಡಂ ಅದೇ ಹಳಿಯ ಮೇಲಿವೆ. ರೈಲು, ಕಾರ್ಖಾನೆ ಅಂತ ಹೊರಗಿನ ಮಂದಿ ಬರುತ್ತಲೇ ಇರುತ್ತಾರೆ, ಅವರ ಜೊತೆ ಪ್ಲೈವುಡ್ಡು, ಮೈಕಾ, ಮಾಡ್ಯುಲರ್ ಅಡುಗೆಮನೆ ಮಾಡೋರೂ ಬಂದಿದ್ದಾರೆ. ಮಾತಾಡಿಸಿದ ಅಂಗಡಿಯವರು ಮೊಬೈಲಿನಲ್ಲಿ ಚೆಂದ ಚೆಂದದ ವಾರ್ಡ್‌ರೋಬ್ ತೋರಿಸಿದರು. ಬೇವಿನ ಚೌಕಟ್ಟು ಅಂದಾಗ, "ರೆಡಿಮೇಡ್ ಹಾಕಿಸ್ರಿ ಸರ್, ಎರಡ್ ದಿನದಾಗ ಮುಗಸ್ತೀವಿ" ಅಂದರು. ಕಪಾಟು, ಶೆಲ್ಫಿಗೆ ಇಂಥವರೇ ಸರಿ, ಕೆಲಸವೂ ನೀಟು.

ಶಹಾಬಾದಿನಲ್ಲಿ ಬಡಿಗೇರರಿಗಿಂತ ಪರಸಿ ಅಂಗಡಿಯವರಿಂದಲೇ ಒಂದು ಒಳ್ಳೆ ಮಾತು ಸಿಕ್ಕಿತು. ಚೌಕಟ್ಟು ಮೊದಲು ಕೂರುತ್ತೆ, ನೆಲದ ಕಲ್ಲು ಆಮೇಲೆ ಬರುತ್ತೆ. ಪರಸಿ ಒಂದಿಂಚು, ಕೆಳಗೆ ಗಾರೆ ಒಂದೆರಡು ಇಂಚು. ಇದನ್ನ ಲೆಕ್ಕ ಹಿಡಿಯದೆ ಹೊಸ್ತಿಲು ಕೂರಿಸಿದರೆ ಅದು ನೆಲದಲ್ಲೇ ಹೂತುಹೋಗುತ್ತೆ, ಬಾಗಿಲು ಪರಸಿಗೆ ಉಜ್ಜುತ್ತೆ. ಚೌಕಟ್ಟು ನಿಲ್ಲಿಸೋ ದಿನ ಗೌಂಡಿ, ಬಡಿಗೇರ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ, ನೆಲದ ಮಟ್ಟವನ್ನು ಗೋಡೆ ಮೇಲೆ ಗೆರೆ ಎಳೆಸಿಬಿಡಿ. ಫೋನಿನಲ್ಲಿ ಮನೆ ಕಟ್ಟಿಸೋ ನಮ್ಮಂಥವರು ರಜೆ ಹಾಕಲೇಬೇಕಾದ ಒಂದು ದಿನ ಇದ್ದರೆ ಅದು ಇದೇ.

ಚಿಂಚೋಳಿಗೆ ರೈಲಿಲ್ಲ. ಇಲ್ಲಿನ ಕಾಡು 2011ರಿಂದ ವನ್ಯಜೀವಿಧಾಮ. ಸಾಗವಾನಿ, ಶ್ರೀಗಂಧ ಎಲ್ಲ ಇರುವ ಕಾಡು. ಹಾಗಾಗಿ "ಚಿಂಚೋಳಿ ಕಡೆ ಸಾಗವಾನಿ ಅಗ್ಗ" ಅಂತ ಯಾರಾದರೂ ಕಿವಿಯಲ್ಲಿ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಕಟಗಿ ಅಡ್ಡೆಯಲ್ಲಿ ಬಿಲ್ ಕೇಳಿ ತಗೊಳ್ಳಿ. ಲೆಕ್ಕ ಕಷ್ಟವೇನಲ್ಲ. 7 ಅಡಿ ಎತ್ತರ, ಮೂರೂವರೆ ಅಡಿ ಅಗಲದ ನಾಲ್ಕು ಮಗ್ಗುಲಿನ ಚೌಕಟ್ಟಿಗೆ ಒಟ್ಟು 21 ಅಡಿ ಉದ್ದ ಬೇಕು. 5 ಇಂಚು, 3 ಇಂಚಿನ ತೊಲೆಯಾದರೆ ಸುಮಾರು 2.2 ಘನ ಅಡಿ. ಕೊಯ್ಯುವಾಗ, ಕೆತ್ತುವಾಗ ಹೋಗೋದು ಬೇರೆ. ಇದರ ಎರಡು ಪಟ್ಟು ಹೇಳಿದರೆ ಯಾಕೆ ಅಂತ ಕೇಳಿ.

ನನಗೆ ಬೇಕಾದವರು ಸಿಕ್ಕಿದ್ದು ಚಿತ್ತಾಪುರದ ಹತ್ತಿರದ ಒಂದು ಹಳ್ಳಿಯಲ್ಲಿ. ಅರವತ್ತು ದಾಟಿದ ಕಾಕಾ. ಅವರಪ್ಪನ ಕಾಲದಲ್ಲಿ ಕೂರಿಗಿ, ಕುಂಟಿ, ಬಂಡಿ ಮಾಡಿಕೊಟ್ಟು ರಾಶಿ ಹೊತ್ತಲ್ಲಿ ಕಣದಿಂದ ಜೋಳ, ತೊಗರಿ ಆಯ ತರುತ್ತಿದ್ದರಂತೆ. ಟ್ರ್ಯಾಕ್ಟರ್ ಬಂತು, ಆಯ ಹೋಯಿತು, ಇವರು ಬಾಗಿಲಿನ ಕೆಲಸಕ್ಕೆ ತಿರುಗಿದರು. ರೇಟು ಹೇಳೋ ಮುಂಚೆ ಕೇಳಿದ್ದು ನಾಲ್ಕು ಪ್ರಶ್ನೆ: ಮರ ಯಾವಾಗ ಬಿತ್ತು? ಕೊಯ್ಸೀರೋ, ದಿಮ್ಮಿನೇ ಅದನೋ? ನೆರಳಾಗ ಇಟ್ಟೀರಿ? ಬಾಗಿಲು ಯಾವ ದಿಕ್ಕಿಗೆ? ಬಿಸಿಲು ಬಡಿಯೋ ಬಾಗಿಲಾದ್ರೆ ಕಟಗಿ ಇನ್ನೂ ಚೆನ್ನಾಗಿ ಒಣಗಿರಬೇಕಂತೆ.

"ಬರೋ ತಿಂಗಳೇ ಬೇಕಾಗಿತ್ತು ಕಾಕಾ" ಅಂದೆ.

"ಆಗಂಗಿಲ್ಲ ತಮ್ಮಾ. ಹಸಿ ಕಟಗಿ ಅದ. ಈಗ ಮಾಡಿದ್ರ ಬ್ಯಾಸಗ್ಯಾಗ ಮೂಲಿ ಬಿಡ್ತದ, ಮಳ್ಯಾಗ ಬಾಕಲಾ ಬಿಗೀತದ. ಒಂದ್ ಬ್ಯಾಸಗಿ ಕಳೀಲಿ. ಅವಸರ ಇದ್ರ ಬ್ಯಾರೇರ ಕಡೆ ಮಾಡಸ್ಕೋ."

ಬೇವಿನ ಮಾತು ಎತ್ತಿದಾಗ ಉಳಿದ ಊರುಗಳಲ್ಲಿ ಬೇಡ ಅಂದವರು ಒಬ್ಬರೂ ಇರಲಿಲ್ಲ. ಹೆಚ್ಚೆಂದರೆ ಬೇರೆ ಕಟಗಿ ಕೊಡ್ತೀವಿ ಅಂದರು. ಬಂದ ಕೆಲಸ ಬಿಟ್ಟರೂ ಪರವಾಗಿಲ್ಲ ಅಂದ ಮನುಷ್ಯನಿಗೇ ಕೆಲಸ ಕೊಡಬೇಕು ಅನ್ನೋದು ನನ್ನ ಲೆಕ್ಕ.

ದಾರಿಯನ್ನೂ ಅವರೇ ತೋರಿಸಿದರು. ಒಳಗಿನ ಬಾಗಿಲುಗಳಿಗೆ ಅಡ್ಡೆಯಿಂದ ಒಣ ಕಟಗಿ. ಮುಂಬಾಗಿಲಿನ ಜಾಗ ಮಾತ್ರ ಅಳತೆಗೆ ಖಾಲಿ ಬಿಟ್ಟು, ಮೇಲೆ ಲಿಂಟೆಲ್ ಹಾಕಿ, ಸದ್ಯಕ್ಕೆ ತಗಡಿನ ಬಾಗಿಲು. ಬೇವಿನ ಚೌಕಟ್ಟನ್ನು ಆಮೇಲೆ ಕಬ್ಬಿಣದ ಹಿಡಿ ಹಾಕಿ ಗೋಡೆಗೆ ಬಿಗಿಯೋದು. ಮಾತು ಹೀಗೆ ಮುಗಿಯಿತು: ಕಟಗಿ ನಮ್ಮದು, ಕೂಲಿ ಒಂದೊಂದು ಚೌಕಟ್ಟಿಗೆ ಇಷ್ಟು ಅಂತ. ಇಸಾರ ಸ್ವಲ್ಪ, ಚೌಕಟ್ಟು ನಿಂತಾಗ ಅರ್ಧ, ಒಂದು ಮಳೆಗಾಲ ಕಳೆದು ಬಾಗಿಲು ರಂದಾ ಹೊಡೆದು ಸರಿ ಮಾಡಿದ ಮೇಲೆ ಉಳಿದದ್ದು. ಈ ಕೊನೇ ಕಂತು ಮರೀಬೇಡಿ. ಮುಂಬಾಗಿಲಿನ ಪೂಜೆ ದಿನ ಬಡಿಗೇರರಿಗೆ ಆಯೇರ ಮಾಡೋ ಪದ್ಧತಿ ನಮ್ಮಲ್ಲಿದೆ, ಅದು ಕೂಲಿಯಲ್ಲಿ ಸೇರೋದಿಲ್ಲ.

ಹೊರಡುವಾಗ ಪಿಎಂ ವಿಶ್ವಕರ್ಮ ಯೋಜನೆ ಮಾತು ಬಂತು. 2023ರ ಸೆಪ್ಟೆಂಬರ್ 17ಕ್ಕೆ ಶುರುವಾದ ಯೋಜನೆಯಲ್ಲಿ ಬಡಿಗೇರರಿಗೂ ಸಲಕರಣೆಗೆ 15,000 ರೂಪಾಯಿ ನೆರವಿದೆ. "ನನಗ್ಯಾಕ, ನಮ್ಮ ಹುಡಗಗ ಹೇಳು" ಅಂದರು. ಮಗ ಹೈದರಾಬಾದಿನಲ್ಲಿ ಪ್ಲೈವುಡ್ ಕೆಲಸದಲ್ಲಿದ್ದಾನೆ. ನಂಬರ್ ಇಸ್ಕೊಂಡು ವಿವರ ಕಳಿಸಿದೆ.

ಅವ್ವ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ, ತಗಡಿನ ಬಾಗಿಲಿನ ಮನೆಗೆ ಯಾರು ಬರ್ತಾರ ಅಂತ. ಈಗ ಬೇವಿನ ತೊಲೆಗಳು ಹಿತ್ತಲಿನ ನೆರಳಲ್ಲಿ, ನಡುವೆ ರೀಪು ಇಟ್ಟು ಪೇರಿಸಿವೆ. ತುದಿ ಬಿರಿಯಬಾರದು ಅಂತ ಹಳೇ ಬಣ್ಣ ಬಳಿದಿದ್ದೇವೆ. ಕಾರಹುಣ್ಣಿಮೆ ಆದ ಮೇಲೆ ಉಳಿ ಹಿಡೀತೀನಿ ಅಂದಿದ್ದಾರೆ ಕಾಕಾ. ಅಲ್ಲೀತನಕ ವಾರಕ್ಕೊಮ್ಮೆ ತೊಲೆಗಳನ್ನು ಮಗ್ಗುಲು ಹೊರಳಿಸೋ ಕೆಲಸ ಅವ್ವನದು.