ಹುಟ್ಟೋಕೆ ಮುಂಚೆ ಹಾಕಿದ ಲಾಗ

ನನ್ನ ಮಗಳಿಗೆ ಈಗ ಲಾಗ ಹಾಕೋ ಹುಚ್ಚು. ಚಾಪೆ ಕಂಡ್ರೆ ಸಾಕು, ತಲೆ ಕೆಳಗೆ, ಕಾಲು ಮೇಲೆ! ಅವಳು ಉರುಳಿದಾಗಲೆಲ್ಲ ನಮ್ಮಮ್ಮ "ಇವಳು ಹುಟ್ಟೋಕೆ ಮುಂಚೇನೇ ಲಾಗ ಹಾಕಿದೋಳು" ಅಂತ ನಗ್ತಾರೆ. ಆ ಕಥೆ ಬರೀಬೇಕು ಅಂತ ಎಷ್ಟೋ ದಿನದಿಂದ ಅಂದ್ಕೊಳ್ತಿದ್ದೆ. ಇವತ್ತು ಮುಹೂರ್ತ ಬಂತು :-)

2019ರ ಮೇ ತಿಂಗಳು. ಗಂಡನ ಮನೆ ಮಾಲೂರಿನಿಂದ ಚೊಚ್ಚಲ ಬಾಣಂತನಕ್ಕೆ ಅಂತ ಶ್ರೀನಿವಾಸಪುರದ ಹತ್ತಿರದ ನಮ್ಮ ಹಳ್ಳಿಗೆ ಬಂದಿದ್ದೆ. ಮಾವಿನ ಕಾಲ, ಮನೆ ತುಂಬಾ ಹಣ್ಣಿನ ವಾಸನೆ. ನಮ್ಮಜ್ಜಿಯ ತವರು ಮುಳಬಾಗಿಲು ತಾಲ್ಲೂಕಿನ ಆವಣಿ ಕಡೆ. ಸೀತಮ್ಮ ಲವ ಕುಶರನ್ನು ಹೆತ್ತಿದ್ದು ನಮ್ಮೂರ ಬೆಟ್ಟದಲ್ಲೇ ಅಂತ ಅಜ್ಜಿಗೆ ಭಾರೀ ಹೆಮ್ಮೆ. ಅಜ್ಜಿ ಒಂದು ಕಾಲದಲ್ಲಿ ಸುತ್ತಮುತ್ತಲಿನ ಹಳ್ಳಿಗಳಿಗೆ ಸೂಲಗಿತ್ತಿ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಪೇಪರಿನ ಫೋಟೋನ ಕತ್ತರಿಸಿ ದೇವರ ಗೂಡಲ್ಲಿ ಇಟ್ಟಿದ್ದರು.

ಬಂದ ದಿನ ಸಂಜೆ ಅಜ್ಜಿ ಅಂಗೈ ಉಜ್ಜಿ ಬೆಚ್ಚಗೆ ಮಾಡ್ಕೊಂಡು ನನ್ನ ಹೊಟ್ಟೆ ಮುಟ್ಟಿದರು. ಪಕ್ಕೆಲುಬಿನ ಕೆಳಗೆ ಬೆರಳು ನಿಂತಿತು. "ತಲೆ ಇಲ್ಲಿದೆಯಲ್ಲೇ..." ಅಂದರು. ಮುಖ ಸಣ್ಣಗಾಯ್ತು.

ಮಾರನೇ ದಿನದ ಸ್ಕ್ಯಾನ್ ಕೂಡಾ ಅದನ್ನೇ ಹೇಳಿತು. ಬ್ರೀಚ್. ಏಳನೇ ತಿಂಗಳಲ್ಲಿ ಎಷ್ಟೋ ಮಕ್ಕಳು ಹೀಗಿರ್ತಾವೆ, ತಾವಾಗೇ ತಿರುಗ್ತಾವೆ. ದಿನ ತುಂಬೋ ಹೊತ್ತಿಗೆ ನೂರಕ್ಕೆ ಮೂರೋ ನಾಲ್ಕೋ ಮಾತ್ರ ಹಾಗೇ ಉಳಿಯೋದು. ನಮ್ಮದು ಅದರಲ್ಲಿ ಒಂದು! "ಸಿಸೇರಿಯನ್‌ಗೆ ದಿನ ನೋಡ್ಕೊಳ್ಳಿ" ಅಂದರು ಡಾಕ್ಟರು. ಎರಡೇ ನಿಮಿಷದಲ್ಲಿ ಮಾತು ಮುಗೀತು.

ರಾತ್ರಿ ಅಜ್ಜಿ ಹತ್ರ ಹೋಗಿ "ನೀವೇ ತಿರುಗಿಸಿಬಿಡಿ, ಎಷ್ಟು ಜನಕ್ಕೆ ಮಾಡಿಲ್ಲ?" ಅಂದೆ. ಅಜ್ಜಿ ಕೈ ಹಿಂದಕ್ಕೆ ಎಳ್ಕೊಂಡ್ರು. ಆಮೇಲೆ ಹೇಳಿದ್ದು, ನಮ್ಮಮ್ಮನಿಗೂ ಗೊತ್ತಿಲ್ಲದ ವಿಷಯ. ಅಜ್ಜಿಯ ಮೊದಲ ಮಗು ಕಾಲು ಮುಂದಾಗಿ ಬಂದಿತ್ತಂತೆ. ಮೈಯೆಲ್ಲ ಹೊರಗೆ ಬಂದು ತಲೆ ಸಿಕ್ಕಿಕೊಂಡಿತು. ಉಳೀಲಿಲ್ಲ. ಆ ಸಂಕಟಕ್ಕೇ ಅಜ್ಜಿ ಈ ವಿದ್ಯೆ ಕಲಿತಿದ್ದು. ಎಷ್ಟೋ ಮಕ್ಕಳನ್ನ ತಿರುಗಿಸಿದರು. ಒಂದು ಸಲ, ತಿರುಗಿಸಿದ ಮೇಲೆ ಮಗು ಮತ್ತೆ ಅಲುಗಾಡಲೇ ಇಲ್ಲವಂತೆ. ಅಂದೇ ಬಿಟ್ಟರು.

"ನನ್ನ ಕೈಗೆ ಕಣ್ಣಿತ್ತು ಕಣೇ, ಕಿವಿ ಇರ್ಲಿಲ್ಲ. ಒಳಗೆ ಮಗು ಹೇಗಿದೆ ಅಂತ ಕೇಳಿಸ್ತಿರ್ಲಿಲ್ಲ" ಅಂದರು.

ಅಮ್ಮ ಕೋಲಾರದ ಒಂದು ಆಸ್ಪತ್ರೆಯಲ್ಲಿ ಇನ್ನೊಬ್ಬ ಡಾಕ್ಟರನ್ನ ವಿಚಾರಿಸಿದರು. ಅವರು ಕೂರಿಸಿ ವಿವರಿಸಿದರು. 2000ನೇ ಇಸವಿಯಲ್ಲಿ 26 ದೇಶಗಳಲ್ಲಿ, 2,088 ಹೆಂಗಸರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನದ ವರದಿ ಬಂತು. ಉಲ್ಟಾ ಇರೋ ಮಗುವಿಗೆ ಮೊದಲೇ ಗೊತ್ತು ಮಾಡಿದ ಸಿಸೇರಿಯನ್ನೇ ಕ್ಷೇಮ ಅಂತ ಅದು ಹೇಳಿತು. ಆಮೇಲೆ ಜಗತ್ತಿನ ಎಷ್ಟೋ ಕಡೆ ಬ್ರೀಚ್ ಅಂದ್ರೆ ನೇರ ಆಪರೇಷನ್ ಅನ್ನೋ ಹಾಗಾಯ್ತು. ಆದ್ರೆ 37ನೇ ವಾರದ ಹೊತ್ತಿಗೆ ಹೊರಗಿನಿಂದಲೇ ಮಗುವನ್ನ ತಿರುಗಿಸಿ ನೋಡಬಹುದು. ಇ.ಸಿ.ವಿ. ಅಂತಾರೆ. ಸುಮಾರು ಅರ್ಧದಷ್ಟು ಸಲ ತಿರುಗುತ್ತೆ, ಚೊಚ್ಚಲಿಗೆ ಇನ್ನೂ ಸ್ವಲ್ಪ ಕಮ್ಮಿ. ಇನ್ನೂರಕ್ಕೆ ಒಬ್ಬರಿಗೆ ತಕ್ಷಣ ಆಪರೇಷನ್ ಬೇಕಾಗಬಹುದು. ಅದಕ್ಕೇ ಥಿಯೇಟರ್ ಸಿದ್ಧ ಇರೋ ಕಡೆ ಮಾತ್ರ ಮಾಡ್ತಾರೆ. ಮಾಸು ಅಡ್ಡ ಇದ್ರೆ, ರಕ್ತಸ್ರಾವ ಆಗ್ತಿದ್ರೆ, ಮಗುವಿನ ಎದೆಬಡಿತ ಸರಿ ಇಲ್ಲದಿದ್ರೆ ಮಾಡೋದೇ ಇಲ್ಲ.

ಆ ದಿನ ಮೊದಲು ಸ್ಕ್ಯಾನ್, ಆಮೇಲೆ ಹೊಟ್ಟೆಗೆ ಬೆಲ್ಟು ಕಟ್ಟಿ ಮಗುವಿನ ಎದೆಬಡಿತ ನೋಡಿದರು. ಗರ್ಭಕೋಶ ಸಡಿಲವಾಗೋಕೆ ಒಂದು ಇಂಜೆಕ್ಷನ್. ಅದರಿಂದ ನನ್ನೆದೆ ರೈಲಿನ ಹಾಗೆ ಓಡೋಕೆ ಶುರುವಾಯ್ತು! ಡಾಕ್ಟರು ಒಂದು ಕೈಲಿ ಮಗುವಿನ ಕುಂಡೆಯನ್ನ ಮೇಲಕ್ಕೆತ್ತಿ, ಇನ್ನೊಂದು ಕೈಲಿ ತಲೆಯನ್ನ ಬಾಗಿಸಿ ಒತ್ತಿದರು. ನೋವೇ ಇರ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಚೆನ್ನಾಗೇ ನೋವಾಯ್ತು. ಮಧ್ಯೆ ನಿಲ್ಲಿಸಿ ಸ್ಕ್ಯಾನಲ್ಲಿ ಎದೆಬಡಿತ ನೋಡಿದರು. ಮೊದಲ ಸಲ ಆಗಲಿಲ್ಲ. ಎರಡನೇ ಸಲ ಹೊಟ್ಟೆಯೊಳಗೆ ದೊಡ್ಡ ಮೀನೊಂದು ಮಗ್ಗುಲಾದ ಹಾಗೆ... ಅಷ್ಟೇ.

ಆಮೇಲೆ ಅರ್ಧ ಗಂಟೆಗೂ ಹೆಚ್ಚು ಮತ್ತೆ ಬೆಲ್ಟು. ಆಗ ಅಜ್ಜಿಯನ್ನ ಒಳಗೆ ಬಿಟ್ಟರು. ಮಿಷಿನ್ನಿಂದ ಕುದುರೆ ಓಡೋ ಥರ ಸದ್ದು. ಅದೇನು ಅಂತ ನರ್ಸಮ್ಮನ್ನ ಕೇಳಿದರು. ಮಗುವಿನ ಎದೆಬಡಿತ ಅಂತ ಗೊತ್ತಾದ ಮೇಲೆ ಸ್ಟೂಲ್ ಎಳ್ಕೊಂಡು ಕೂತವರು ಏಳಲೇ ಇಲ್ಲ. ಸೆರಗು ಕಣ್ಣಿಗೆ ಒತ್ಕೊಂಡು ಕೇಳ್ತಾನೇ ಇದ್ದರು.

ಎರಡು ವಾರ ಕಳೆದು ಒಂದು ನಡುರಾತ್ರಿ ನೋವು ಶುರು. ಚಿಕ್ಕಪ್ಪನ ಓಮ್ನಿಯಲ್ಲಿ, ಮಾವಿನ ಲಾರಿಗಳ ಹಿಂದೆ, ಕೋಲಾರಕ್ಕೆ. ಹನ್ನೊಂದು ಗಂಟೆ ನೋವು ತಿಂದು ಹೆತ್ತೆ. ತಲೆ ಮೊದಲು :-)

ನಾರ್ಮಲ್ ಆಯ್ತು ಅಂತ ನಾನೇನೂ ಜಂಬ ಪಡಲ್ಲ. ನನ್ನ ಓರಗಿತ್ತಿಗೂ ಹೀಗೇ ಪ್ರಯತ್ನಿಸಿದರು, ಮಗು ತಿರುಗಲಿಲ್ಲ, ಸಿಸೇರಿಯನ್ ಆಯ್ತು. ಅವಳ ಮಗ ನನ್ನ ಮಗಳಿಗಿಂತ ತುಂಟ. ನಾನು ಹೇಳೋದಿಷ್ಟೇ. ಬ್ರೀಚ್ ಅಂದ್ರೆ "ತಿರುಗಿಸಿ ನೋಡಬಹುದಾ?" ಅಂತ ಒಂದು ಸಲ ಕೇಳಿ. ಮನೆಯಲ್ಲಿ ಎಣ್ಣೆ ಹಚ್ಚಿ ಯಾರ ಕೈಲೂ ತಿರುಗಿಸಿಕೊಳ್ಳಬೇಡಿ. ಇದು ನನ್ನ ಮಾತಲ್ಲ, ಸೂಲಗಿತ್ತಿ ಅಜ್ಜಿಯ ಮಾತು.

ಮಗಳಿಗೆ ಮೂರು ತಿಂಗಳಾದಾಗ ಆವಣಿಗೆ ಕರ್ಕೊಂಡು ಹೋದ್ವಿ. ಬೆಟ್ಟ ಹತ್ತೋಕಾಗದ ಅಜ್ಜಿ ಕೆಳಗೇ ಕೂತು, ಮಗುವಿನ ಎದೆಗೆ ಕಿವಿ ಇಟ್ಟು, ಬಹಳ ಹೊತ್ತು ಸುಮ್ಮನಿದ್ದರು.

ನಿಮ್ಮಜ್ಜಿಯರ ಹತ್ರಾನೂ ಹೀಗೆ ಹೇಳದೇ ಇಟ್ಕೊಂಡ ಕಥೆ ಇರಬಹುದು. ಒಂದ್ಸಲ ಪಕ್ಕ ಕೂತು ಕೇಳಿ ನೋಡಿ.