ತೆರೆಯಿಂದ ದೀಪಕ್ಕೆ ಇಳಿದ ಹನುಮಂತ

ಬೆಂಗಳೂರಿನಿಂದ ಹೊರಟ ರೈಲು ಗೌರಿಬಿದನೂರು ದಾಟಿ ಹಿಂದೂಪುರ ಸೇರುವ ಹೊತ್ತಿಗೆ ನಿಲ್ದಾಣದ ಫಲಕಗಳಲ್ಲಿ ಕನ್ನಡದ ಜಾಗಕ್ಕೆ ತೆಲುಗು ಬಂದಿರುತ್ತದೆ. ಹೊರಗಿನ ನೆಲ ಮಾತ್ರ ಬದಲಾಗುವುದಿಲ್ಲ. ಅದೇ ಬಂಡೆಗುಡ್ಡ, ಅದೇ ಕಡಲೆಕಾಯಿ ಹೊಲ, ಅದೇ ನೀರಿಲ್ಲದ ಹಳ್ಳ. ಪೆನುಕೊಂಡೆಯ ಬೆಟ್ಟ ಹಿಂದೆ ಸರಿದ ಮೇಲೆ ಧರ್ಮಾವರ. ಇಲ್ಲಿಗೆ ಹೊರ ಊರಿನವರು ಬರುವುದು ಸಾಮಾನ್ಯವಾಗಿ ರೇಷ್ಮೆ ಸೀರೆಗೆ. ಸೀರೆ ಅಂಗಡಿಗಳನ್ನು ಹಿಂದೆ ಬಿಟ್ಟು ನಿಮ್ಮಲಕುಂಟ ಎಂಬ ಹಳ್ಳಿಯ ದಾರಿ ಕೇಳುವವರು ಕೆಲವರು ಮಾತ್ರ. ಅವರು ಹುಡುಕಿಕೊಂಡು ಹೋಗುವುದು ತೊಗಲಿನ ದೀಪಗಳನ್ನು.

2022ರವರೆಗೆ ಅನಂತಪುರ ಜಿಲ್ಲೆಯಲ್ಲಿದ್ದ ಈ ಹಳ್ಳಿ ಈಗ ಆಂಧ್ರಪ್ರದೇಶದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಇಲ್ಲಿನ ದೀಪ ಮಾಡುವ ಮನೆತನಗಳು ಮೂಲತಃ ತೊಗಲು ಬೊಂಬೆಯಾಟದವರು. ಮನೆಯೊಳಗೆ ಮರಾಠಿ ಬೆರೆತ ಮಾತು, ಬೀದಿಯಲ್ಲಿ ತೆಲುಗು. ನಮ್ಮ ಕಿಳ್ಳೇಕ್ಯಾತರ ಮನೆಗಳಲ್ಲಿಯೂ ಇಂಥದೇ ಮಾತು ಇರುವುದನ್ನು ಬಲ್ಲವರಿಗೆ ಇದು ಹೊಸದೆನಿಸದು. ಆಟದ ನಡುವೆ ನುಗ್ಗಿ ನಗಿಸುವ ಬಂಗಾರಕ್ಕ ಗಡಿಯ ಎರಡೂ ಕಡೆ ಉಂಟು. ಅವಳಿಗೆ ರಾಜ್ಯಗಳ ಗೊಡವೆ ಇಲ್ಲ.

ಕೆಲಸ ಶುರುವಾಗುವುದು ಮೇಕೆಯ ಹಸಿ ಚರ್ಮದಿಂದ. ಅದನ್ನು ನೆನೆಹಾಕಿ, ಕೂದಲನ್ನೂ ಕೊಬ್ಬನ್ನೂ ಕೆರೆದು ತೆಗೆದು, ಎಳೆದು ಕಟ್ಟಿ ಬಿಸಿಲಿಗೆ ಒಣಗಿಸುತ್ತಾರೆ. ಚಪ್ಪಲಿಯ ಚರ್ಮದಂತೆ ಇದನ್ನು ಹದ ಮಾಡುವುದಿಲ್ಲ. ಹದ ಮಾಡಿದರೆ ಬೆಳಕು ದಾಟುವುದಿಲ್ಲ. ಚರ್ಮವೆಂದರೆ ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳ ಹೆಣಿಗೆ. ನಾರುಗಳ ನಡುವೆ ಗಾಳಿ ಉಳಿದರೆ ಬೆಳಕು ಅಲ್ಲಲ್ಲೇ ಚದುರಿಹೋಗುತ್ತದೆ. ನಾರುಗಳು ಒಂದಕ್ಕೊಂದು ಅಂಟಿಕೊಂಡು ಒಣಗಿದರೆ ಬಹಳಷ್ಟು ಬೆಳಕು ಆಚೆ ಬದಿಗೆ ಬರುತ್ತದೆ. ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಬಿಳಿ ಹಾಳೆಯ ಮೇಲೆ ಒಂದು ತೊಟ್ಟು ಎಣ್ಣೆ ಬಿಟ್ಟು ಕಿಟಕಿಗೆ ಹಿಡಿದರೆ ಆ ಕಲೆಯೊಂದೇ ಹೊಳೆಯುತ್ತದೆ. ಕಾಗದದ ನಾರುಗಳ ನಡುವಿದ್ದ ಗಾಳಿಯ ಜಾಗವನ್ನು ಎಣ್ಣೆ ತುಂಬಿದ್ದೇ ಕಾರಣ. ಪಾರದರ್ಶಕಕ್ಕೂ ಅರೆಪಾರದರ್ಶಕಕ್ಕೂ ಇರುವ ವ್ಯತ್ಯಾಸವನ್ನು ಬಾಯಿಪಾಠ ಮಾಡುವ ಮಕ್ಕಳನ್ನು ಒಮ್ಮೆ ಈ ಹಳ್ಳಿಗೆ ಕರೆತರಬೇಕು.

ಒಣಗಿದ ತೊಗಲಿನ ಮೇಲೆ ಚಿತ್ರ ಬರೆದು, ಬಗೆಬಗೆಯ ಉಳಿಗಳಿಂದ ತೂತು ಹೊಡೆದು, ಬಣ್ಣ ತುಂಬುತ್ತಾರೆ. ಬೊಂಬೆಯ ಕಿರೀಟ, ತೋಳ್ಬಂದಿಗಳ ಮೇಲಿನ ಚುಕ್ಕಿಗಳು ಬರಿಯ ಅಲಂಕಾರವಲ್ಲ. ಹಿಂದಿನಿಂದ ಬೆಳಕು ಬಿದ್ದಾಗ ತೂತುಗಳೇ ವಜ್ರಗಳು. ಹಿಂದೂಪುರದ ಬಳಿಯ ಲೇಪಾಕ್ಷಿಯಲ್ಲಿ ವಿಜಯನಗರ ಕಾಲದ ಚಾವಣಿ ಚಿತ್ರಗಳಿವೆ. ಅವನ್ನು ನೋಡಿ ಇಲ್ಲಿಗೆ ಬಂದವರು ಉಡುಗೆ ತೊಡುಗೆಯ ಹೋಲಿಕೆಯನ್ನು ಗುರುತಿಸದೆ ಇರಲಾರರು.

ಲ್ಯಾಂಪ್‌ಶೇಡ್ ಆದರೆ ಕೊನೆಯಲ್ಲಿ ಇನ್ನೊಂದು ಹಂತ. ತೊಗಲನ್ನು ತೇವ ಮಾಡಿ ಕಬ್ಬಿಣದ ಚೌಕಟ್ಟಿಗೆ ಸುತ್ತಿ ಹೊಲಿಯುತ್ತಾರೆ. ಒಣಗುತ್ತ ಅದು ಬಿಗಿದುಕೊಂಡು ತಮಟೆಯಂತಾಗುತ್ತದೆ. ಮೊಳೆ ಬೇಡ, ಅಂಟು ಬೇಡ. ಚೌಕಟ್ಟು ಗೋಳವಾಗಬಹುದು, ಹೂಜಿಯಾಗಬಹುದು, ಆಳೆತ್ತರದ ಕಂಬವೂ ಆಗಬಹುದು. ಗಿರಾಕಿಗಳು ತಮ್ಮ ಕೋಣೆಯ ಅಳತೆ, ಗೋಡೆಯ ಬಣ್ಣ ಹೇಳಿ ಮಾಡಿಸಿಕೊಳ್ಳುವುದುಂಟು. ಒಬ್ಬರಿಗೆ ನವಿಲು, ಮತ್ತೊಬ್ಬರಿಗೆ ಆನೆಸಾಲು, ಇನ್ನೊಬ್ಬರಿಗೆ ಬರೀ ಎಲೆಬಳ್ಳಿ. ರಾವಣನನ್ನು ಮಲಗುವ ಕೋಣೆಗೆ ಬೇಡುವವರು ಕಡಮೆ ಎಂದು ಬೇರೆ ಹೇಳಬೇಕಿಲ್ಲ!

ಆದರೆ ಆ ರಾವಣನಿಗೇ ಒಂದು ಕಾಲದಲ್ಲಿ ಊರೆಲ್ಲ ಕಾದು ಕೂರುತ್ತಿತ್ತು. ಬಿಳಿ ತೆರೆ, ಅದರ ಹಿಂದೆ ಹರಳೆಣ್ಣೆಯ ದೀಪ, ತೆರೆಗೆ ಒತ್ತಿ ಹಿಡಿದ ಬೊಂಬೆ. ಬೊಂಬೆಯನ್ನು ತೆರೆಗೆ ತಾಗಿಸಿದರೆ ಅಂಚು ಸ್ಪಷ್ಟ, ದೀಪದ ಕಡೆಗೆ ಎಳೆದರೆ ನೆರಳು ಹಿಗ್ಗಿ ಮಸುಕಾಗುತ್ತದೆ. ಹನುಮಂತ ಬೆಳೆಯುವುದೂ ಮಾಯವಾಗುವುದೂ ಹೀಗೆಯೇ. ಕೈ ಬೊಂಬೆಯಾಡಿಸಿದರೆ ಬಾಯಿ ಹಾಡುತ್ತಿತ್ತು, ಕಾಲು ಹಲಗೆ ಕುಟ್ಟುತ್ತಿತ್ತು. ಮೊದಲು ಸಿನಿಮಾ, ಆಮೇಲೆ ಟಿ.ವಿ. ಬಂದು ಆ ರಾತ್ರಿಗಳು ವಿರಳವಾದವು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಮನೆತನಗಳು ದೀಪದ ಕಡೆ ತಿರುಗಿದ್ದು ಹೊಟ್ಟೆಪಾಡಿಗೆ. ಅದನ್ನು ಕಲೆಯ ಅವನತಿ ಎಂದು ದೂರುವುದು ಬೆಂಗಳೂರಿನಲ್ಲಿ ಕುಳಿತವರಿಗೆ ಸುಲಭ. ಉಳಿ ಹಿಡಿಯುವ ಕೈ ಉಳಿದದ್ದು ದೀಪದಿಂದಲೇ. ಆದರೆ ನಷ್ಟವೂ ಸಣ್ಣದಲ್ಲ. ದೀಪಕ್ಕೆ ಹಾಡು ಬೇಕಿಲ್ಲ, ಕೀಲು ಬೇಕಿಲ್ಲ. ಲಂಕೆಗೆ ಹಾರಬೇಕಾದ ಹನುಮಂತ ಇಲ್ಲಿ ಬಲ್ಬಿನ ಸುತ್ತ ನಿಂತೇ ಇರುತ್ತಾನೆ.

ಊರಿನ ಹೆಸರು ದೂರ ಹೋಗಿದ್ದು ಮಾತ್ರ ಆಟದಿಂದಲೇ. ಇಲ್ಲಿನ ಹಿರಿಯ ಕಲಾವಿದ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ದೊರೆಯಿತು. ಐದು ವರ್ಷದ ನಂತರ, 2025ರಲ್ಲಿ, ಅದೇ ಪ್ರಶಸ್ತಿ ನಮ್ಮ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಸಂದಿತು. ಆಗ ಅಜ್ಜಿಯ ವಯಸ್ಸು ತೊಂಬತ್ತು ದಾಟಿತ್ತು.

ದೀಪ ಕೊಂಡವರು ಮರೆಯಬಾರದ ಸಂಗತಿಯೊಂದಿದೆ. ಹಳೆಯ ತಂತಿ ಬಲ್ಬು ತಾನು ನುಂಗುವ ವಿದ್ಯುತ್ತಿನಲ್ಲಿ ನೂರಕ್ಕೆ ಹತ್ತು ಪಾಲನ್ನೂ ಬೆಳಕಾಗಿಸುವುದಿಲ್ಲ. ಉಳಿದದ್ದೆಲ್ಲ ಶಾಖ. ಹಸಿ ಚರ್ಮಕ್ಕೆ ಆ ಶಾಖ ಶತ್ರು. ವರ್ಷಗಟ್ಟಲೆ ಕಾದು ಅದು ಪೆಡಸಾಗಿ ಬಿರುಕು ಬಿಡುತ್ತದೆ. ಅರುವತ್ತು ವಾಟಿನ ತಂತಿ ಬಲ್ಬಿನಷ್ಟು ಬೆಳಕನ್ನು ಒಂಬತ್ತು ವಾಟಿನ ಎಲ್‌ಇಡಿ ಕೊಡುವುದರಿಂದ ಈಗ ಆ ಭಯ ಬಹುಮಟ್ಟಿಗೆ ಕಳೆದಿದೆ. ಬಣ್ಣವನ್ನೂ ನೋಡಿ ಕೊಳ್ಳಬೇಕು. ನೀಲಿ ಛಾಯೆಯ ಬಿಳಿ ಬಲ್ಬು ಹಾಕಿದರೆ ತೊಗಲಿನ ಕೆಂಪು, ಕೇಸರಿಗಳು ಸೊರಗುತ್ತವೆ. ಡಬ್ಬದ ಮೇಲೆ 2700 ಕೆಲ್ವಿನ್ ಎಂದು ಬರೆದಿರುವ ಹಳದಿ ಛಾಯೆಯದೇ ಸರಿ. ಅದು ತಂತಿ ಬಲ್ಬಿನ ಬಣ್ಣ, ಎಣ್ಣೆ ದೀಪಕ್ಕೆ ಇನ್ನೂ ಹತ್ತಿರ.

ಮಳೆಗಾಲದಲ್ಲಿ ತೊಗಲು ಗಾಳಿಯ ತೇವ ಹೀರಿ ಕೊಂಚ ಸಡಿಲಾಗುತ್ತದೆ. ಮೃದಂಗದವರಿಗೆ ಈ ಕಾಟ ಗೊತ್ತು. ದೀಪ ಕೆಟ್ಟಿತೆಂದು ಗಾಬರಿಯಾಗಿ ಧರ್ಮಾವರಕ್ಕೆ ಓಡಬೇಕಿಲ್ಲ. ಬೇಸಿಗೆ ಬಂದೊಡನೆ ನವಿಲು ತಾನಾಗಿಯೇ ಮತ್ತೆ ಬಿಗಿದು ನಿಲ್ಲುತ್ತದೆ.