ದೇವರನ್ನು ಯಾರು ಒಯ್ಯೋದು?

ಧಾರವಾಡದ ಮನೆ ಮಾರಾಟವಾದಾಗ ಅಣ್ಣ ಫೋನಿನಲ್ಲಿ ಕೇಳಿದ. “ಭಾಂಡೆ ಸಾಮಾನಿಂದು ಹೆಂಗರೆ ಆಗ್ತದ. ದೇವರನ್ನ ಯಾರು ಒಯ್ಯೋದು?” ಅವನು ಮಗನ ಬಳಿ ಅಮೆರಿಕಕ್ಕೆ ಹೊರಟಿದ್ದ. ಮಠಕ್ಕ ಕೊಟ್ಟುಬಿಡು ಅಂದೆ. ಅವನು ಮಾತಾಡಲಿಲ್ಲ.

ಆ ವಾರ ನಾನು ಪುಣೆಯ ಅಪ್ಪಾ ಬಳವಂತ ಚೌಕದಲ್ಲಿ ಕೊಂಡ ಹಳೆಯ ಪುಸ್ತಕವೊಂದನ್ನು ಓದುತ್ತಿದ್ದೆ. ಬೀಡ್ ಎಂಬ ಸನ್ಯಾಸಿ ಎಂಟನೆಯ ಶತಮಾನದಲ್ಲಿ ಬರೆದ ಸಂತ ಕತ್‌ಬರ್ಟನ ಚರಿತ್ರೆ. ಕತ್‌ಬರ್ಟ್ ಉತ್ತರ ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ದ್ವೀಪದ ಮಠದವನು. ಏಕಾಂತ ಬೇಕೆನಿಸಿ ಸಮುದ್ರದೊಳಗಿನ ಫಾರ್ನ್ ಎಂಬ ನಡುಗಡ್ಡೆಗೆ ಹೋದ. ಅಲ್ಲಿ ಕಟ್ಟಿಕೊಂಡ ಗುಡಿಸಲಿನ ಗೋಡೆ ಎಷ್ಟೆತ್ತರವೆಂದರೆ, ಒಳಗಿದ್ದವನಿಗೆ ಕಾಣುವುದು ಆಕಾಶ ಮಾತ್ರ. ತಾನು ಬಿತ್ತಿದ ಬೆಳೆ ತಿನ್ನಲು ಬಂದ ಹಕ್ಕಿಗಳಿಗೆ ಬುದ್ಧಿ ಹೇಳಿ ಕಳಿಸಿದನಂತೆ. ಬಿಷಪ್ ಆಗು ಎಂದು ರಾಜನೇ ದೋಣಿ ಹತ್ತಿ ಬಂದು ಬೇಡಬೇಕಾಯಿತು. 685ರಲ್ಲಿ ಆದ, ಎರಡು ವರ್ಷ ತುಂಬುವ ಮೊದಲೇ ಬಿಟ್ಟು ನಡುಗಡ್ಡೆಗೆ ಮರಳಿ, 687ರ ಮಾರ್ಚ್ 20ರಂದು ತೀರಿಕೊಂಡ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಕೊನೆಯ ಮಾತುಗಳು. ಇಲ್ಲೇ ಹೂಳಿರಿ ಅಂದ. ಶಿಷ್ಯರು ಕೇಳಲಿಲ್ಲ, ಮಠಕ್ಕೇ ಒಯ್ಯುತ್ತೇವೆ ಅಂದರು. ಕಡೆಗೆ ಒಪ್ಪಿದ. ಆದರೆ ಅಧರ್ಮಕ್ಕೆ ತಲೆಬಾಗುವ ಪ್ರಸಂಗ ಬಂದರೆ ತಲೆಬಾಗಬೇಡಿ, ನನ್ನ ಎಲುಬು ತೆಗೆದುಕೊಂಡು ಊರು ಬಿಡಿರಿ ಎಂದೂ ಹೇಳಿದನಂತೆ. 11 ವರ್ಷದ ಮೇಲೆ ಗೋರಿ ತೆರೆದಾಗ ದೇಹ ಕೆಟ್ಟಿರಲಿಲ್ಲವೆಂದು ಬೀಡ್ ಬರೆಯುತ್ತಾನೆ. ಯಾತ್ರಿಕರು ಬರತೊಡಗಿದರು.

793ರಲ್ಲಿ ವೈಕಿಂಗರು ಮಠ ಸುಲಿದರು. ಆಮೇಲೂ ದಾಳಿಯ ಭಯ ತಪ್ಪದೆ, 875ರಲ್ಲಿ ಸನ್ಯಾಸಿಗಳು ಶವಪೆಟ್ಟಿಗೆ ಹೊತ್ತು ಹೊರಟೇಬಿಟ್ಟರು. ಅದರೊಳಗೆ ಆಸ್ವಾಲ್ಡ್ ರಾಜನ ತಲೆಯೂ ಇತ್ತು. (ಮನೆ ಖಾಲಿ ಮಾಡುವವರು ಒಂದರೊಳಗೊಂದು ತುರುಕುವುದು ಆಗಲೂ ಇತ್ತು ಅನ್ನಿ.) ಸುಮಾರು ಏಳು ವರ್ಷ ಅಲೆದು 883ರಲ್ಲಿ ಚೆಸ್ಟರ್-ಲಿ-ಸ್ಟ್ರೀಟ್ ಸೇರಿದರು. ನೂರು ವರ್ಷ ಮೀರಿ ಅಲ್ಲಿದ್ದು, 995ರಲ್ಲಿ ಮತ್ತೆ ಹೊರಟರು. ಈ ಸಲ ದಾರಿಯಲ್ಲಿ ಪೆಟ್ಟಿಗೆ ಕೂತಲ್ಲಿಂದ ಅಲುಗಲಿಲ್ಲವಂತೆ. ಕಳೆದ ಆಕಳು ಹುಡುಕುತ್ತಿದ್ದ ಹೆಂಗಸೊಬ್ಬಳಿಂದ ದಾರಿ ತಿಳಿದು ಡರ್ಹಮ್ ಮುಟ್ಟಿದರಂತೆ. ಗೋಕರ್ಣದ ಕಥೆ ಕೇಳಿ ಬೆಳೆದ ನನಗೆ ಇದೇನು ಹೊಸದೆನಿಸಲಿಲ್ಲ. ಅಲ್ಲಿನ ದೊಡ್ಡ ಕೆಥೆಡ್ರಲ್‌ನಲ್ಲಿ ಅವನ ಗೋರಿ ಇಂದಿಗೂ ಇದೆ.

ಪೆಟ್ಟಿಗೆ ಹೊತ್ತವರ ವಂಶದವರು ಅದನ್ನು ತಲೆಮಾರುಗಟ್ಟಲೆ ಹೇಳಿಕೊಂಡು ಹೆಮ್ಮೆಪಟ್ಟರು. ಆ ಸೀಮೆಯ ಜನಕ್ಕೇ ‘ಸಂತನ ಜನ’ ಎಂಬರ್ಥದ ಹೆಸರು ಬಿತ್ತು. ಊರಿನಿಂದ ಬಂದ ಹೆಸರಲ್ಲ, ಹೊತ್ತದ್ದರಿಂದ ಬಂದದ್ದು. ಆ ಪುಟದ ಹತ್ತಿರ ನಾನು ಬಹಳ ಹೊತ್ತು ಕೂತೆ.

ಮರುದಿನ ಅಣ್ಣನಿಗೆ ಫೋನ್ ಮಾಡಿ, ನಾನ ಬರ್ತೇನಿ ಅಂದೆ.

“ಬಸ್ಸಿನ ಡಿಕ್ಕಿಯೊಳಗ ಇಡಬ್ಯಾಡ ಮತ್ತ. ತೊಡಿ ಮ್ಯಾಲ ಇಟಗೊ.”

ಪುಣೆ ಮುಟ್ಟುವತನಕ ತೊಡೆಯ ಮೇಲೆಯೇ ಇತ್ತು. ನಮ್ಮ ಎರಡು ಕೋಣೆಯ ಫ್ಲಾಟಿನಲ್ಲಿ ದೇವರಮನೆಯಿಲ್ಲ. ಹೆಂಡತಿ ಫ್ರಿಜ್ಜಿನ ಪಕ್ಕದ ಕಪಾಟಿನಲ್ಲಿ ಒಂದು ಖಾನೆ ಖಾಲಿ ಮಾಡಿ, ಒರೆಸಿ ಇಟ್ಟಿದ್ದಳು.